ಎಪ್ಪತ್ತು ದಾಟಿದವರ ಆರೋಗ್ಯ ವಿಮೆ: ಖರ್ಚು ಏರಿಸದೆ ಸುಧಾರಣೆ ಸಾಧ್ಯವೇ?



ಮಳೆಗಾಲ ಹಿಡಿಯುವ ಮುಂಚೆ ಅಡಿಕೆ ತೋಟಕ್ಕೆ ಮದ್ದು ಬಿಡುವುದು ನಮ್ಮ ಕಾಸರಗೋಡು ಕಡೆಯ ವಾಡಿಕೆ. ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಆ ಬೋರ್ಡೋ ದ್ರಾವಣಕ್ಕೆ ತಗಲುವ ಖರ್ಚು ದೊಡ್ಡದೇನಲ್ಲ. ಮರ ಹತ್ತುವವರು ಸಮಯಕ್ಕೆ ಸಿಕ್ಕಿದರೆ ಸಾಕು. ಆದರೆ ಆ ಒಂದು ವಾರ ತಪ್ಪಿತೋ, ಕೊಳೆರೋಗ ಹಿಡಿದು ಎಳೆಯ ಕಾಯಿಗಳು ಬುಡದಲ್ಲಿ ರಾಶಿಯಾಗಿ ಉದುರುತ್ತವೆ. ಆಮೇಲೆ ಎಷ್ಟು ಸಾವಿರ ರೂಪಾಯಿ ಸುರಿದರೂ ಉದುರಿದ ಕಾಯಿ ಮರಳಿ ಗೊನೆ ಸೇರುವುದಿಲ್ಲ.

ವೃದ್ಧರ ಆರೋಗ್ಯ ವಿಮೆಯ ಬಗ್ಗೆ ಮಾತನಾಡಲು ಬಂದವನು ಅಡಿಕೆ ತೋಟದಲ್ಲಿ ಏಕೆ ನಿಂತಿದ್ದಾನೆ ಎಂದು ತಾವು ಕೇಳಬಹುದು. ನಾನು ವೈದ್ಯನಲ್ಲ, ವಿಮಾ ಕಂಪೆನಿಯವನೂ ಅಲ್ಲ. ಊರಿನ ಸಹಕಾರಿ ಸಂಘದಲ್ಲಿ ಬಹಳ ವರ್ಷ ಲೆಕ್ಕ ಬರೆದವನು. ಆದ್ದರಿಂದ ಹಣ ಎಷ್ಟಿದೆ ಎನ್ನುವುದರ ಜೊತೆಗೆ, ಅದು ಯಾವಾಗ ಮತ್ತು ಎಲ್ಲಿ ಖರ್ಚಾಗುತ್ತದೆ ಎಂದೂ ಕೇಳುವ ಅಭ್ಯಾಸ ನನಗಿದೆ. ನಮ್ಮ ದೇಶ ತನ್ನ ಹಿರಿಯರಿಗಾಗಿ ಮಾಡಿರುವ ವಿಮೆಯ ಏರ್ಪಾಡನ್ನು ಅದೇ ಕಣ್ಣಿನಿಂದ ನೋಡೋಣ ಎಂಬುದು ಇಂದಿನ ಮಾತಿನ ಉದ್ದೇಶ.

ಮೊದಲು ಏರ್ಪಾಡು ಏನು ಎಂಬುದನ್ನು ನೋಡೋಣ. 2008ರಲ್ಲಿ ಬಂದ ರಾಷ್ಟ್ರೀಯ ಸ್ವಾಸ್ಥ್ಯ ವಿಮಾ ಯೋಜನೆಯಲ್ಲಿ ಬಡ ಕುಟುಂಬವೊಂದಕ್ಕೆ ವರ್ಷಕ್ಕೆ 30,000 ರೂಪಾಯಿವರೆಗೆ ಆಸ್ಪತ್ರೆ ಖರ್ಚು ಸಿಗುತ್ತಿತ್ತು. 2016ರಲ್ಲಿ ಆ ಕುಟುಂಬಗಳ ಹಿರಿಯರಿಗೆಂದು ಇನ್ನೊಂದು 30,000 ಸೇರಿತು. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆ ಉದ್ಘಾಟನೆಯಾದಾಗ ಮಿತಿ ಕುಟುಂಬಕ್ಕೆ ಐದು ಲಕ್ಷಕ್ಕೇರಿತು. ಆಗಲೂ ಅದು ಬಡವರ ಪಟ್ಟಿಯಲ್ಲಿದ್ದ ಕುಟುಂಬಗಳಿಗೆ ಮಾತ್ರ. 2024ರ ಅಕ್ಟೋಬರ್ 29ರಂದು ಆ ಗೋಡೆಯೂ ಬಿತ್ತು. ಎಪ್ಪತ್ತು ವರ್ಷ ತುಂಬಿದ ಯಾರೇ ಆಗಲಿ, ಬಡವರೋ ಬಲ್ಲಿದರೋ ಎಂದು ನೋಡದೆ, ವಯ ವಂದನಾ ಎಂಬ ಕಾರ್ಡು ಕೊಡುವ ತೀರ್ಮಾನ ಜಾರಿಗೆ ಬಂತು. ಮೊದಲೇ ಯೋಜನೆಯಲ್ಲಿದ್ದ ಮನೆಯ ಹಿರಿಯರಿಗೆ, ಮನೆಯವರೊಡನೆ ಹಂಚಿಕೊಳ್ಳಬೇಕಾಗಿಲ್ಲದ ಪ್ರತ್ಯೇಕ ಐದು ಲಕ್ಷ. ಉಳಿದ ಮನೆಗಳ ಹಿರಿಯರಿಗೂ ಐದು ಲಕ್ಷ. ಗಂಡ ಹೆಂಡತಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಅದು ಇಬ್ಬರಿಗೂ ಸೇರಿದ್ದು.

ಇದೊಂದು ದೊಡ್ಡ ಹೆಜ್ಜೆ, ಸಂಶಯವಿಲ್ಲ. ಖಾಸಗಿ ವಿಮೆ ವಯಸ್ಸಾದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. 65 ದಾಟಿದವರಿಗೂ ಹೊಸ ಪಾಲಿಸಿ ಸಿಗಬೇಕೆಂಬ ನಿಯಮ ಬಂದದ್ದೇ 2024ರ ಏಪ್ರಿಲ್‌ನಲ್ಲಿ. ಹಾಗಿರುವಾಗ, ‘ನಿಮಗೆ ಮೊದಲೇ ಕಾಯಿಲೆ ಇದೆಯೇ?’ ಎಂದು ಕೇಳದೆ ಕಾರ್ಡು ಕೊಡುವ ಯೋಜನೆ ಹಿರಿಯರ ಪಾಲಿಗೆ ಊರುಗೋಲೇ ಸರಿ.

ಆದರೆ ಲೆಕ್ಕದ ಪುಸ್ತಕ ತೆರೆದು ನೋಡೋಣ. ಯೋಜನೆಯನ್ನು ವಿಸ್ತರಿಸಿದಾಗ ಸುಮಾರು 6 ಕೋಟಿ ಹಿರಿಯರು ಇದರೊಳಗೆ ಬರುತ್ತಾರೆ ಎಂದು ಸರಕಾರ ಅಂದಾಜು ಮಾಡಿತು. ಆರಂಭದ ಅವಧಿಗೆ ಎತ್ತಿಟ್ಟ ಹಣ 3,437 ಕೋಟಿ ರೂಪಾಯಿ. ತಲೆಯೆಣಿಸಿ ಹಂಚಿದರೆ ಒಬ್ಬರ ಪಾಲಿಗೆ ಆರುನೂರು ರೂಪಾಯಿಗೂ ಕಡಿಮೆ. ಎಲ್ಲರೂ ಒಂದೇ ವರ್ಷ ಆಸ್ಪತ್ರೆ ಸೇರುವುದಿಲ್ಲ, ಹತ್ತು ಜನರ ಹಣ ಒಬ್ಬರ ಕಷ್ಟಕ್ಕೆ ಒದಗುತ್ತದೆ, ವಿಮೆಯ ಗುಟ್ಟೇ ಅದು. ಇದು ನನಗೂ ಗೊತ್ತು. ಆದರೂ ಕಾರ್ಡಿನ ಮೇಲಿನ ಐದು ಲಕ್ಷಕ್ಕೂ ಬೊಕ್ಕಸದ ಆರುನೂರಕ್ಕೂ ನಡುವಿನ ಅಂತರ ನೆನಪಿಡಬೇಕಾದದ್ದು. ಅದೂ ಕೇಂದ್ರ ನೂರಕ್ಕೆ ಅರುವತ್ತು, ರಾಜ್ಯ ನೂರಕ್ಕೆ ನಲವತ್ತು ಎಂಬ ಹಂಚಿಕೆಯಲ್ಲಿ. ವೃದ್ಧರ ಸಂಖ್ಯೆಯಾದರೋ ಏರುತ್ತಲೇ ಇದೆ. 2011ರ ಜನಗಣತಿಯಲ್ಲೇ ಅರುವತ್ತು ದಾಟಿದವರು 10 ಕೋಟಿ ಮೀರಿದ್ದರು. ಕೇರಳದಲ್ಲಿ ಆಗಲೇ ನೂರಕ್ಕೆ 12.6 ಮಂದಿ, ದೇಶದಲ್ಲೇ ಅತಿ ಹೆಚ್ಚು.

ಹೀಗಿರುವಾಗ ‘ಇನ್ನೂ ಕೊಡಿ’ ಎನ್ನುವುದು ಸುಲಭ. ಕೊಡುವ ಕೈ ಎಷ್ಟು ದಿನ ಕೊಟ್ಟೀತು? ಆದ್ದರಿಂದ ಇರುವ ಹಣದಲ್ಲೇ ಹಿರಿಯರಿಗೆ ಹೆಚ್ಚು ಒಳಿತಾಗುವ ದಾರಿ ಇದೆಯೇ ಎಂದು ಕೇಳಬೇಕಾಗಿದೆ.

ಇದೆ ಎಂಬುದು ನನ್ನ ನಂಬಿಕೆ. ಏಕೆಂದು ಹೇಳಲು ಒಂದು ಮನೆಯ ಸಂಗತಿ ಹೇಳುತ್ತೇನೆ.

ನಮ್ಮ ನೆರೆಕರೆಯ ಅಜ್ಜ ಒಬ್ಬರು. ಎಪ್ಪತ್ತನಾಲ್ಕು ವರ್ಷ. ಪ್ರಾಯದಲ್ಲಿ ಅಡಿಕೆ ಮರ ಏರುತ್ತಿದ್ದವರು. ರಕ್ತದೊತ್ತಡ ಇದೆಯೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೇಳಿದ್ದರು, ಮಾತ್ರೆಯನ್ನೂ ಉಚಿತವಾಗಿ ಕೊಡುತ್ತಿದ್ದರು. ಆದರೆ ಅಲ್ಲಿಗೆ ಎರಡು ಬಸ್ಸು ಬದಲಾಯಿಸಬೇಕು. ಮಗ ಕೆಲಸಕ್ಕೆ ಹೋಗಬೇಕು. ಅಜ್ಜನಿಗೂ ತಲೆಸುತ್ತು ಇಲ್ಲ, ನೋವಿಲ್ಲ. ‘ಗುಣವಾಯಿತು ಮಾರಾಯ, ಇನ್ನೆಂಥ ಮಾತ್ರೆ?’ ಎಂದು ಬಿಟ್ಟುಬಿಟ್ಟರು. ಮೂರನೆಯ ತಿಂಗಳಲ್ಲಿ ಒಂದು ಮುಂಜಾನೆ ಬಲಗೈ ಬಲಗಾಲು ಬಿದ್ದುಹೋದವು. ಮಂಗಳೂರಿಗೆ ಒಯ್ದರು. ಮನೆಯ ಕಾರ್ಡು ನಡೆಯಿತು. ಹನ್ನೊಂದು ದಿನದ ಚಿಕಿತ್ಸೆಗೆ ಮನೆಯವರು ಕೈಯಿಂದ ಹೆಚ್ಚು ಕೊಡಬೇಕಾಗಲಿಲ್ಲ. ಯೋಜನೆ ತನ್ನ ಮಾತು ಉಳಿಸಿಕೊಂಡಿತು. ಮನೆಗೆ ಬಂದ ಮೇಲೆ ಹದಿನೈದು ದಿನದ ಮದ್ದೂ ಸಿಕ್ಕಿತು. ಹದಿನಾರನೆಯ ದಿನದಿಂದ ಮತ್ತೆ ಅದೇ ಎರಡು ಬಸ್ಸು, ಅದೇ ಮಗ, ಅದೇ ದಾರಿ. ಐದು ತಿಂಗಳಲ್ಲಿ ಎರಡನೆಯ ಸಲ ಆಸ್ಪತ್ರೆ. ಈಗ ಅಜ್ಜ ಮಾತನಾಡುವುದಿಲ್ಲ. ಚಾವಡಿಯ ಮಂಚದಲ್ಲಿ ಮಲಗಿ ಅಂಗಳ ನೋಡುತ್ತಾರೆ.

ಇಲ್ಲಿ ತಪ್ಪು ಯಾರದು? ಆಸ್ಪತ್ರೆ ತಪ್ಪು ಮಾಡಲಿಲ್ಲ, ಯೋಜನೆ ಮೋಸ ಮಾಡಲಿಲ್ಲ, ಮಗನೂ ಕೆಟ್ಟವನಲ್ಲ. ಏರ್ಪಾಡಿನ ಕಟ್ಟಡದಲ್ಲೇ ಒಂದು ಬಿರುಕಿದೆ. ಈ ವಿಮೆ ಒಳರೋಗಿಯಾಗಿ ಸೇರಿದವರಿಗೆ ಮಾತ್ರ. ಸೇರುವ ಮುಂಚಿನ ಮೂರು ದಿನ, ಬಿಡುಗಡೆಯ ನಂತರದ ಹದಿನೈದು ದಿನ ಅದರ ಎಲ್ಲೆ. ಹೊರರೋಗಿ ವಿಭಾಗದ ಪರೀಕ್ಷೆ, ದಿನನಿತ್ಯದ ಮಾತ್ರೆ ಇದರಲ್ಲಿಲ್ಲ. ಆದರೆ ಎಪ್ಪತ್ತು ದಾಟಿದವರ ಕಾಯಿಲೆಗಳು ಬಂದು ಹೋಗುವ ಜ್ವರದಂಥವಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ, ಗಂಟುನೋವು ಎಲ್ಲವೂ ಜೊತೆಯಲ್ಲೇ ಬದುಕುವ ನೆಂಟರು. ಅವನ್ನು ಹದ್ದಿನಲ್ಲಿಡುವ ಮಾತ್ರೆಗೆ ವಿಮೆ ಇಲ್ಲ. ಹದ್ದು ಮೀರಿ ಲಕ್ವವಾಗಿ, ಹೃದಯಾಘಾತವಾಗಿ, ಮೂತ್ರಪಿಂಡ ಸೋತು ಡಯಾಲಿಸಿಸ್ ಆದಾಗ ವಿಮೆ ಓಡಿ ಬರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈ ಯೋಜನೆಯಲ್ಲಿ ಹೆಚ್ಚು ಬಳಕೆಯಾಗುವ ಚಿಕಿತ್ಸೆಗಳಲ್ಲಿ ಡಯಾಲಿಸಿಸ್ ಒಂದು ಎಂಬುದನ್ನು ನೆನೆದರೆ ನನ್ನ ಮಾತು ತಮಗೆ ಸ್ಪಷ್ಟವಾದೀತು.

ಇದು ನಮಗೆ ಮಾತ್ರ ಬಂದ ಸಮಸ್ಯೆಯಲ್ಲ. ಜಪಾನ್ ದೇಶ 1973ರಲ್ಲಿ, ನಮ್ಮ ಹಾಗೆಯೇ ಎಪ್ಪತ್ತು ವರ್ಷದ ಗೆರೆ ಎಳೆದು, ಅದರ ಮೇಲಿನವರಿಗೆ ಚಿಕಿತ್ಸೆಯನ್ನು ಉಚಿತ ಮಾಡಿತು. ಫಲವೇನಾಯಿತು? ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ವೃದ್ಧರು ಕಾಯಿಲೆಗಿಂತ ಆಸರೆಗಾಗಿ ಆಸ್ಪತ್ರೆ ಸೇರಿ ತಿಂಗಳುಗಟ್ಟಲೆ ಅಲ್ಲೇ ಉಳಿದರು. ಖರ್ಚು ತಡೆಯಲಾರದಷ್ಟು ಬೆಳೆಯಿತು. ಹತ್ತು ವರ್ಷದಲ್ಲಿ, 1983ರಲ್ಲಿ, ರೋಗಿಗಳಿಂದ ಸಣ್ಣ ಶುಲ್ಕ ಪಡೆಯುವ ಮತ್ತು ರೋಗ ಬಾರದಂತೆ ತಪಾಸಣೆ ನಡೆಸುವ ಹೊಸ ಕಾನೂನು ಬರಬೇಕಾಯಿತು. 2000ದಲ್ಲಿ ಮನೆಯಲ್ಲಿನ ಆರೈಕೆಗೆಂದೇ ಬೇರೆ ವಿಮೆ ಮಾಡಬೇಕಾಯಿತು.

ಆದರೆ ಅದೇ ಜಪಾನಿನಲ್ಲಿ ಅದಕ್ಕೂ ಮುಂಚೆ ಒಂದು ಹಳ್ಳಿ ಬೇರೆ ದಾರಿ ಹಿಡಿದಿತ್ತು. ಇವಾತೆ ಪ್ರಾಂತದ ಸವಾಉಚಿ ಎಂಬ ಬಡ ಊರು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿಯೇ ಮುಚ್ಚಿಹೋಗುತ್ತಿತ್ತು. 1957ರಲ್ಲಿ ಅಲ್ಲಿನ ಮುಖ್ಯಸ್ಥನಾದ ಫುಕಾಜಾವಾ ಮಸಾವೊ ಹಿಮ ತೆಗೆಯಲು ಬುಲ್‌ಡೋಜರ್ ತರಿಸಿದ. ಮನೆಮನೆಗೆ ಹೋಗುವ ಆರೋಗ್ಯ ದಾದಿಯರನ್ನು ನೇಮಿಸಿದ. ಜೊತೆಗೆ 1960ರಲ್ಲಿ 65 ದಾಟಿದವರಿಗೆ, ಮರುವರ್ಷ 60 ದಾಟಿದವರಿಗೂ ಎಳೆಗೂಸುಗಳಿಗೂ ಚಿಕಿತ್ಸೆ ಉಚಿತ ಮಾಡಿದ. 1962ರಲ್ಲಿ ಆ ಊರಿನಲ್ಲಿ ಒಂದು ಕೂಸೂ ಸಾಯಲಿಲ್ಲ. ಮುಂದಿನ ವರ್ಷಗಳಲ್ಲಿ ಅಲ್ಲಿನ ವೃದ್ಧರ ಚಿಕಿತ್ಸಾ ವೆಚ್ಚ ಸುತ್ತಲಿನ ಪ್ರಾಂತಕ್ಕಿಂತ ಕಡಿಮೆಯೇ ಇತ್ತು. ದೇಶ ಉಚಿತ ಮಾಡಿದಾಗ ಖರ್ಚು ಏರಿತು, ಹಳ್ಳಿ ಉಚಿತ ಮಾಡಿದಾಗ ಏರಲಿಲ್ಲ. ವ್ಯತ್ಯಾಸ ಎಲ್ಲಿದೆ? ದಾರಿ ಮತ್ತು ದಾದಿ ಎಂಬ ಎರಡರಲ್ಲಿದೆ ಎಂದು ನನಗೆ ತೋರುತ್ತದೆ.

ಇದು ಪರದೇಶದ ಕಥೆ, ನಮಗೆ ಹೊಂದೀತೇ ಎಂದರೆ ನಮ್ಮ ಹತ್ತಿರದಲ್ಲೇ ಉದಾಹರಣೆ ಇದೆ. ಹೊಸೂರು ಕಡೆಯ ಶ್ರೋತೃಗಳಿಗೆ ಸಾಮನಪಳ್ಳಿ ಎಂಬ ಊರು ಗೊತ್ತಿರಬಹುದು, ಕೃಷ್ಣಗಿರಿ ಜಿಲ್ಲೆಯದು. 2021ರ ಆಗಸ್ಟ್ 5ರಂದು ತಮಿಳುನಾಡು ಸರಕಾರ ‘ಮಕ್ಕಳೈ ತೇಡಿ ಮರುತ್ತುವಂ’, ಅಂದರೆ ಜನರನ್ನು ಹುಡುಕಿಕೊಂಡು ಹೋಗುವ ವೈದ್ಯ, ಎಂಬ ಯೋಜನೆಯನ್ನು ಆರಂಭಿಸಿದ್ದು ಆ ಊರಿನಲ್ಲೇ. ಆರೋಗ್ಯ ಕಾರ್ಯಕರ್ತೆ ಮನೆಗೆ ಬರುತ್ತಾಳೆ. ರಕ್ತದೊತ್ತಡ ನೋಡುತ್ತಾಳೆ, ಸಕ್ಕರೆ ನೋಡುತ್ತಾಳೆ, ತಿಂಗಳ ಮಾತ್ರೆ ಕೈಗೆ ಕೊಡುತ್ತಾಳೆ. ಹಾಸಿಗೆ ಹಿಡಿದವರಿಗೆ ಅಂಗವ್ಯಾಯಾಮ ಮಾಡಿಸುವವರು, ನೋವು ಶಮನದ ಆರೈಕೆ ಮಾಡುವವರು ಬರುತ್ತಾರೆ. ಮಾತ್ರೆಯ ಬೆಲೆ ಎಷ್ಟು ಎನ್ನುತ್ತೀರಿ? ತಮಿಳುನಾಡು 1994ರಲ್ಲೇ ಔಷಧ ಖರೀದಿಗೆ ಒಂದು ನಿಗಮ ಮಾಡಿಕೊಂಡಿದೆ. ಇಡೀ ರಾಜ್ಯಕ್ಕೆ ಬೇಕಾದದ್ದನ್ನು ಒಟ್ಟಿಗೆ ಕೊಳ್ಳುವುದರಿಂದ ರಕ್ತದೊತ್ತಡದ ಸಾಮಾನ್ಯ ಮಾತ್ರೆಯೊಂದು ಒಂದು ರೂಪಾಯಿಗೂ ಎಷ್ಟೋ ಕಡಿಮೆಗೆ ಬೀಳುತ್ತದೆ. ವರ್ಷವಿಡೀ ಮಾತ್ರೆ ನುಂಗಿದರೂ ಲಕ್ವದ ಒಂದು ದಿನದ ಆಸ್ಪತ್ರೆ ಖರ್ಚಿಗೆ ಸಮನಾಗದು.

ಕೇರಳದಲ್ಲೂ ಬೀಜ ಇದೆ. 2008ರಲ್ಲಿ ದೇಶದಲ್ಲೇ ಮೊದಲಾಗಿ ಪಾಲಿಯೇಟಿವ್ ಆರೈಕೆಗೆ ನೀತಿ ಮಾಡಿದ ರಾಜ್ಯ ಇದು. ಪಂಚಾಯತಿನ ದಾದಿ ಹಾಸಿಗೆ ಹಿಡಿದವರ ಮನೆಗೆ ಬರುವುದು ನಮಗೆ ಹೊಸತಲ್ಲ. ನಮ್ಮ ಅಜ್ಜನ ಮನೆಗೂ ಈಗ ಬರುತ್ತಾರೆ. ಅವರೇ ಒಂದು ವರ್ಷ ಮುಂಚೆ, ಅಜ್ಜ ಅಂಗಳದಲ್ಲಿ ಓಡಾಡುತ್ತಿದ್ದಾಗ, ಮಾತ್ರೆಯ ಚೀಟಿ ಹಿಡಿದು ಬಂದಿದ್ದರೆ?

ಆದ್ದರಿಂದ ಮೊದಲನೆಯ ಸುಧಾರಣೆ ಇದು: ಹಿರಿಯರ ಕಾರ್ಡು ಆಸ್ಪತ್ರೆಯ ಬಾಗಿಲಲ್ಲಿ ಮಾತ್ರವಲ್ಲ, ಮನೆಯ ಬಾಗಿಲಲ್ಲೂ ನಡೆಯಬೇಕು. ಕಾರ್ಡು ಮಾಡಿಸಿದ ದಿನವೇ ರಕ್ತದೊತ್ತಡ, ಸಕ್ಕರೆ ನೋಡಿ ಹೆಸರು ಬರೆದುಕೊಳ್ಳಬೇಕು. ತಿಂಗಳ ಮಾತ್ರೆ ಮನೆ ತಲುಪಬೇಕು. ಆಸ್ಪತ್ರೆಯಿಂದ ಮರಳಿದವರ ಹೆಸರು ಹದಿನೈದು ದಿನ ಮುಗಿಯುವ ಮುಂಚೆ ಪಂಚಾಯತಿನ ದಾದಿಯ ಪುಸ್ತಕಕ್ಕೆ ಬರಬೇಕು. ಇದಕ್ಕೆ ಹೊಸ ಇಲಾಖೆ ಬೇಡ. ಆಶಾ ಕಾರ್ಯಕರ್ತೆ ಇದ್ದಾರೆ, ದಾದಿ ಇದ್ದಾರೆ, ಮಾತ್ರೆ ಇದೆ. ಇಲ್ಲದಿರುವುದು ಈ ಮೂರನ್ನೂ ವಿಮೆಯ ಪಟ್ಟಿಗೆ ಕಟ್ಟುವ ದಾರ. ಹೆಚ್ಚುವರಿ ಮನೆಭೇಟಿಗೆ ಆಶಾ ಕಾರ್ಯಕರ್ತೆಗೆ ತಕ್ಕ ಸಂಭಾವನೆ ಕೊಡಲೇಬೇಕು. ಅದನ್ನು ತಪ್ಪಿದ ಆಸ್ಪತ್ರೆ ವಾಸದ ಉಳಿತಾಯದಿಂದಲೇ ಕೊಡಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮುನ್ನೆಚ್ಚರಿಕೆ ಎಂದ ಕೂಡಲೇ ಹಣ ಉಳಿಯುತ್ತದೆ ಎಂದು ಲೆಕ್ಕ ತಿಳಿದವರು ಒಪ್ಪುವುದಿಲ್ಲ. ಎಲ್ಲರಿಗೂ ಎಲ್ಲ ಪರೀಕ್ಷೆ, ಪ್ರತಿವರ್ಷ ಸ್ಕ್ಯಾನಿಂಗ್ ಎಂದು ಹೊರಟರೆ ಖರ್ಚು ಏರುವುದೇ ಹೊರತು ಇಳಿಯದು. ನಾನು ಹೇಳುತ್ತಿರುವುದು ಅಗ್ಗದ, ಖಚಿತವಾಗಿ ಫಲ ಕೊಡುವ ನಾಲ್ಕಾರು ಕೆಲಸಗಳ ಬಗ್ಗೆ ಮಾತ್ರ. ತೋಟಕ್ಕೆಲ್ಲ ಕಂಡಕಂಡ ಔಷಧ ಹೊಡೆಯುವುದು ಬೇಸಾಯವಲ್ಲ. ಬೇಕಾದ ಮದ್ದನ್ನು ಬೇಕಾದ ವಾರದಲ್ಲಿ ಬಿಡುವುದು ಬೇಸಾಯ.

ಎರಡನೆಯದು ಸೋರಿಕೆಯ ವಿಚಾರ. ಮಾಡು ಸೋರುವಾಗ ಇನ್ನೊಂದು ಪಾತ್ರೆ ತಂದಿಟ್ಟರೆ ಮನೆ ಒಣಗದು, ಹೆಂಚು ಸರಿಮಾಡಬೇಕು. ಭಾರತದ ಮಹಾಲೇಖಪಾಲರು 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದಿಟ್ಟ ವರದಿಯಲ್ಲಿ ಈ ಯೋಜನೆಯ 2018ರಿಂದ 2021ರವರೆಗಿನ ಲೆಕ್ಕ ಪರಿಶೋಧಿಸಿದ್ದಾರೆ. ಸುಮಾರು ಏಳೂವರೆ ಲಕ್ಷ ಜನರ ಹೆಸರಿನ ಮುಂದೆ ಒಂದೇ ಮೊಬೈಲ್ ಸಂಖ್ಯೆ, ಬರೀ ಒಂಬತ್ತುಗಳದು, ನಮೂದಾಗಿತ್ತು. ದಾಖಲೆಯಲ್ಲಿ ಮೊದಲೇ ಸತ್ತರೆಂದು ತೋರಿಸಿದ್ದ 3,446 ರೋಗಿಗಳ ಚಿಕಿತ್ಸೆಗೆಂದು 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಮೊಬೈಲ್ ಸಂಖ್ಯೆಯ ಆಧಾರದಲ್ಲಿ ಯಾರಿಗೂ ಚಿಕಿತ್ಸೆ ಕೊಡುವುದಿಲ್ಲ, ಅದು ಸಂಪರ್ಕಕ್ಕಾಗಿ ಮಾತ್ರ ಎಂದು ಸರಕಾರ ಸಮಜಾಯಿಷಿ ಕೊಟ್ಟಿತು. ಅದು ಸರಿಯೇ ಇರಬಹುದು. ಆದರೆ ಸಂಪರ್ಕವೇ ಇಲ್ಲದಿದ್ದರೆ ‘ನಿಮಗೆ ಈ ಚಿಕಿತ್ಸೆ ನಿಜವಾಗಿ ಆಯಿತೇ?’ ಎಂದು ರೋಗಿಯನ್ನು ಕೇಳುವವರು ಯಾರು?

ಹಣ ಪಾವತಿಯ ರೀತಿಯನ್ನೂ ಸ್ವಲ್ಪ ತಿಳಿಯಬೇಕು. ಪ್ರತಿಯೊಂದು ಚಿಕಿತ್ಸೆಗೂ ಪ್ಯಾಕೇಜ್ ಎಂಬ ನಿಗದಿತ ದರವಿದೆ. ಆಸ್ಪತ್ರೆ ಬಿಲ್ ಹಿಗ್ಗಿಸಲಾರದು, ಇದು ಒಳ್ಳೆಯದು. ಆದರೆ ಚಿಕಿತ್ಸೆಗಳ ಸಂಖ್ಯೆ ಹೆಚ್ಚಿದಷ್ಟೂ ಆದಾಯ ಹೆಚ್ಚು, ಇದು ಅಪಾಯ. 2024ರ ನವೆಂಬರ್‌ನಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಒಂದು ಹಳ್ಳಿಯಲ್ಲಿ ಉಚಿತ ಶಿಬಿರ ನಡೆಸಿ, ಅಲ್ಲಿಂದ 19 ಮಂದಿಯನ್ನು ಅಹಮದಾಬಾದಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ಹಲವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಯಿತು. ಇಬ್ಬರು ತೀರಿಕೊಂಡರು. ಯೋಜನೆಯ ಹಣಕ್ಕಾಗಿ ಬೇಡದ ಚಿಕಿತ್ಸೆ ಮಾಡಿದರೆಂಬ ಆರೋಪದ ಮೇಲೆ ವೈದ್ಯರೂ ಆಡಳಿತಗಾರರೂ ಬಂಧಿತರಾದರು. ಬೇಡದ ಚಿಕಿತ್ಸೆಗೆ ಹೋದ ಒಂದೊಂದು ರೂಪಾಯಿಯೂ ಬೇಕಾದ ಚಿಕಿತ್ಸೆಗೆ ಇಲ್ಲವಾದ ರೂಪಾಯಿ. ಜೀವ ಹೋದರೆ ಅದಕ್ಕೆ ಲೆಕ್ಕವೇ ಇಲ್ಲ.

ಇದಕ್ಕೆ ಕಂಪ್ಯೂಟರಿನ ಕಾವಲು ಬೇಕು, ನಿಜ. ಆದರೆ ಅತಿ ಅಗ್ಗದ ಕಾವಲುಗಾರ ರೋಗಿಯ ಮನೆಯವರೇ. ಬಿಡುಗಡೆಯ ದಿನ ಒಂದು ಹಾಳೆ ಕೊಡಲಿ. ಏನು ಕಾಯಿಲೆ, ಏನು ಚಿಕಿತ್ಸೆ, ಎಷ್ಟು ಹಣ ಕೇಳಲಾಗಿದೆ, ಮುಂದೆ ಯಾವ ಮಾತ್ರೆ ಎಂಬ ನಾಲ್ಕು ಸಾಲು, ರೋಗಿಗೆ ಗೊತ್ತಿರುವ ಭಾಷೆಯಲ್ಲಿ. ಭಾಷೆಯ ಮಾತನ್ನು ನಾನು ಅಭಿಮಾನಕ್ಕಾಗಿ ಎತ್ತುತ್ತಿಲ್ಲ. ಕಾಸರಗೋಡಿನ, ತಾಳವಾಡಿಯ, ಅಕ್ಕಲಕೋಟೆಯ, ಮಡಕಶಿರಾದ ಎಪ್ಪತ್ತು ದಾಟಿದ ಅಜ್ಜಿ ಓದುವುದಿದ್ದರೆ ಕನ್ನಡವನ್ನೇ ಓದಿಯಾರು. ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವರು ಕಾವಲು ಕಾಯುವುದು ಹೇಗೆ? ಒಂದು ಹಾಳೆಯನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಲು ಬೊಕ್ಕಸ ಬರಿದಾಗದು.

ಮೂರನೆಯದು ಗಡಿಯ ಮಾತು. ಇದನ್ನು ನಮ್ಮಷ್ಟು ಅನುಭವಿಸಿದವರು ಬೇರೆ ಇಲ್ಲ. ರಾಜ್ಯಗಳ ಗಡಿ 1956ರಲ್ಲಿ ಬಿತ್ತು, ಕಾಯಿಲೆಗೆ ಆ ಗಡಿ ಗೊತ್ತಿಲ್ಲ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರ, ರಾಯದುರ್ಗದವರಿಗೆ ಬಳ್ಳಾರಿ, ಜತ್ತಿನ ಪೂರ್ವದ ಹಳ್ಳಿಗಳವರಿಗೆ ವಿಜಯಪುರ. ತಾಳವಾಡಿಯವರು ತಮ್ಮ ರಾಜ್ಯದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವು ದಾಟಬೇಕು, ಚಾಮರಾಜನಗರಕ್ಕಾದರೆ ಬಯಲು ದಾರಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರು ತಲುಪಲಾಗದೆ ರೋಗಿಗಳು ಸತ್ತ ವರದಿಗಳನ್ನು ನಾವು ಮರೆಯುವಂತಿಲ್ಲ. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಆ ದಾರಿಯ ವ್ಯಾಜ್ಯ ಹೋಯಿತು.

ಕೇಂದ್ರದ ಯೋಜನೆಯ ಕಾರ್ಡು ದೇಶದ ಯಾವ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯಬೇಕು ಎಂಬುದು ನಿಯಮ. ಇದು ನಮ್ಮಂಥವರಿಗೆ ವರದಾನ. ಆದರೆ ಆರೋಗ್ಯ ರಾಜ್ಯದ ವಿಷಯ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ, ತಮಿಳುನಾಡಿನ ಮುಖ್ಯಮಂತ್ರಿ ವಿಮೆ, ಮಹಾರಾಷ್ಟ್ರದ ಮಹಾತ್ಮ ಫುಲೆ ಯೋಜನೆ, ತೆಲಂಗಾಣದ ಆರೋಗ್ಯಶ್ರೀ, ಗೋವೆಯ ದೀನದಯಾಳ ಸ್ವಾಸ್ಥ್ಯ ಸೇವಾ, ಕರ್ನಾಟಕದ ಆರೋಗ್ಯ ಕರ್ನಾಟಕ, ಹೀಗೆ ಒಂದೊಂದು ರಾಜ್ಯಕ್ಕೂ ಒಂದೊಂದು ಏರ್ಪಾಡು, ಒಂದೊಂದು ಪಟ್ಟಿ, ಒಂದೊಂದು ದರ. ಹಿರಿಯರ ಕಾರ್ಡನ್ನು ಜಾರಿಗೆ ತಂದ ವೇಗವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕಾರ್ಡು ಹಿಡಿದು ಗಡಿ ದಾಟಿದವರಿಗೆ ‘ಇದು ನಮ್ಮಲ್ಲಿ ನಡೆಯುವುದಿಲ್ಲ’ ಎಂಬ ಉತ್ತರ ಸಿಕ್ಕರೆ, ಹತ್ತಿರದ ಐವತ್ತು ಕಿಲೋಮೀಟರ್ ಬಿಟ್ಟು ದೂರದ ನೂರೈವತ್ತು ಕಿಲೋಮೀಟರ್ ಹೋಗಬೇಕು. ಎಪ್ಪತ್ತೈದರ ಹೃದಯ ಆ ದಾರಿ ತಾಳೀತೇ?

ಇದನ್ನು ಸರಿಪಡಿಸಲು ಹೊಸ ಹಣ ಬೇಕಿಲ್ಲ. ರೋಗಿ ಗಡಿಯ ಈಚೆ ಸೇರಿದರೂ ಆಚೆ ಸೇರಿದರೂ ಪ್ಯಾಕೇಜಿನ ಹಣ ಯೋಜನೆಯಿಂದ ಹೋಗಲೇಬೇಕು. ಬದಲಾಗಿ ತಡವಾದಷ್ಟೂ ರೋಗ ಬೆಳೆದು ದೊಡ್ಡ ಪ್ಯಾಕೇಜೇ ಬೇಕಾಗುತ್ತದೆ. ಗಡಿ ತಾಲೂಕುಗಳ ಮಟ್ಟಿಗಾದರೂ ಎರಡೂ ರಾಜ್ಯಗಳ ಸಂಸ್ಥೆಗಳು ಕೂತು, ಆಚೆ ಬದಿಯ ಯಾವ ಯಾವ ಆಸ್ಪತ್ರೆಗಳಲ್ಲಿ ಈಚೆಯವರ ಕಾರ್ಡು ನಡೆಯುತ್ತದೆ ಎಂಬ ಪಟ್ಟಿಯನ್ನು ಒಪ್ಪಿ, ಪಂಚಾಯತು ಕಚೇರಿಯ ಗೋಡೆಗೆ ಅಂಟಿಸಲಿ. ಇದಿಷ್ಟೇ ನಮ್ಮ ಬೇಡಿಕೆ.

ಸರಕಾರ ಮಾಡಬೇಕಾದದ್ದನ್ನು ಹೇಳಿದೆ. ನಮ್ಮ ಪಾಲಿನದೂ ಸ್ವಲ್ಪ ಇದೆ. ಈ ಕಾರ್ಡಿಗೆ ಆಧಾರವೇ ದಾಖಲೆ, ಆಧಾರದಲ್ಲಿರುವ ವಯಸ್ಸೇ ವಯಸ್ಸು. ನಮ್ಮ ಹಿರಿಯರ ಹುಟ್ಟಿದ ವರ್ಷವನ್ನು ಅಂದಾಜಿನಲ್ಲಿ ಬರೆಸಿದ್ದೇ ಹೆಚ್ಚು. ಎಪ್ಪತ್ತೆರಡರವರು ಕಾಗದದಲ್ಲಿ ಅರುವತ್ತೆಂಟರವರಾಗಿದ್ದರೆ ಕಾರ್ಡು ಸಿಗದು. ಕಾಯಿಲೆ ಬೀಳುವ ಮುಂಚೆ ಅದನ್ನು ಸರಿಮಾಡಿಸಿ. ದುಡಿದು ಬೆರಳಿನ ಗೆರೆ ಸವೆದವರಿಗೆ ಮುಖ ನೋಡಿ ಗುರುತಿಸುವ ವ್ಯವಸ್ಥೆಯೂ ಇದೆ, ಕೇಳಿ ಪಡೆಯಿರಿ. ನೋಂದಾಯಿಸುವಾಗ ಮನೆಯವರ ನಿಜವಾದ ಫೋನು ಸಂಖ್ಯೆಯನ್ನೇ ಕೊಡಿ. ಆಸ್ಪತ್ರೆಗೆ ಹೊರಡುವ ಮುಂಚೆ 14555 ಸಂಖ್ಯೆಗೆ ಕರೆಮಾಡಿ, ನಿಮ್ಮ ರಾಜ್ಯದ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಕೇಳಿ. ಕೇಂದ್ರ ಸರಕಾರದ ಅಥವಾ ಮಾಜಿ ಸೈನಿಕರ ಆರೋಗ್ಯ ಯೋಜನೆಯಲ್ಲಿ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ. ಖಾಸಗಿ ವಿಮೆ ಇದ್ದವರಿಗೆ ಆ ಅಡ್ಡಿ ಇಲ್ಲ.

ಇನ್ನೊಂದು ಮಾತು. ನಮ್ಮ ಯುವಕ ಮಂಡಲಗಳು, ಮಹಿಳಾ ಸಂಘಗಳು, ಕನ್ನಡ ಸಂಘಗಳು ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತವೆ, ಮಾಡಲಿ. ತಿಂಗಳಿಗೊಮ್ಮೆ ಊರಿನ ಹಿರಿಯರ ಮಾತ್ರೆಯನ್ನು ಆರೋಗ್ಯ ಕೇಂದ್ರದಿಂದ ತಂದು ಮನೆಮನೆಗೆ ಮುಟ್ಟಿಸುವ ಕೆಲಸವನ್ನೂ ವಹಿಸಿಕೊಳ್ಳಲಿ. ಒಂದು ಬೈಕು, ಒಂದು ಪುಸ್ತಕ, ಒಬ್ಬ ಹುಡುಗ ಸಾಕು. ಭಾಷೆ ಉಳಿಯಬೇಕು ಎನ್ನುತ್ತೇವೆ. ಆ ಭಾಷೆಯನ್ನು ಮನೆಯಲ್ಲಿ ಇನ್ನೂ ಉಳಿಸಿಕೊಂಡವರು ಆ ಅಜ್ಜ ಅಜ್ಜಿಯರೇ ತಾನೇ? ಲಕ್ವ ಹೊಡೆದು ಒಬ್ಬ ಅಜ್ಜನ ಮಾತು ನಿಂತರೆ ಆ ಮನೆಯ ಕಥೆ, ಗಾದೆ, ಪಾಡ್ದನಗಳೂ ಅವರೊಡನೆ ನಿಲ್ಲುತ್ತವೆ.

ಹಿರಿಯರ ವಿಮೆಯನ್ನು ಸುಧಾರಿಸಲು ಇಂದೇ ಹೆಚ್ಚು ಹಣ ಸುರಿಯಬೇಕೆಂದು ನಾನು ಹೇಳುವುದಿಲ್ಲ. ಅದೇ ಹಣವನ್ನು ಸ್ವಲ್ಪ ಮೊದಲೇ, ಸ್ವಲ್ಪ ಹತ್ತಿರದಲ್ಲಿ, ಕಣ್ಣಿಟ್ಟು ಖರ್ಚು ಮಾಡಬೇಕು. ಮಳೆಗೆ ಮುಂಚಿನ ಆ ಒಂದು ವಾರವನ್ನು ಕೃಷಿಕ ಬಲ್ಲ. ಆಡಳಿತವೂ ಅದನ್ನು ತಿಳಿಯಲಿ, ನಾವೂ ತಿಳಿಯೋಣ. ಈ ಸಂಜೆ ಮನೆಗೆ ಹೋದಾಗ ತಮ್ಮ ಮನೆಯ ಹಿರಿಯರ ಹತ್ತಿರ ಕುಳಿತು, ‘ಇಂದಿನ ಮಾತ್ರೆ ತೆಗೆದುಕೊಂಡಿರಾ?’ ಎಂದು ಒಂದು ಸಲ ಕೇಳಿ. ಸುಧಾರಣೆ ಅಲ್ಲಿಂದಲೇ ಆರಂಭವಾಗಲಿ.